ಹಿಮದ ಕಾಡು ಫೋಟೋದಲ್ಲಿ ಸಿಮೆಂಟ್ ಬಣ್ಣಕ್ಕೆ ಯಾಕೆ ತಿರುಗುತ್ತದೆ?

ಪ್ರಶ್ನೆ: ಕ್ರಿಸ್‌ಮಸ್ ರಜೆಗೆ ಮನಾಲಿಗೆ ಹೋಗಿದ್ದೆವು. ಹಿಡಿಂಬಾ ದೇವಸ್ಥಾನದ ಸುತ್ತಲಿನ ದೇವದಾರು ಕಾಡಿನಲ್ಲಿ ಒಳ್ಳೆಯ ಹಿಮ ಸಿಕ್ಕಿತು. ಹಿಮ ಕಣ್ಣು ಕುಕ್ಕುತ್ತದೆ ಅಂತ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿಯೇ, ಅಂದರೆ ಕ್ಯಾಮೆರಾಕ್ಕೆ ಬೀಳುವ ಬೆಳಕನ್ನು ಅರ್ಧಕ್ಕೆ ತಂದೇ ತೆಗೆದೆ. ಆದರೂ ಹಿಮವೆಲ್ಲ ಬೂದು, ನೆರಳೆಲ್ಲ ನೀಲಿ. ಎಡಿಟಿಂಗ್‌ನಲ್ಲಿ ಬೆಳ್ಳಗೆ ಮಾಡುವುದು ಹೇಗೆ?

ಉತ್ತರ: ಪ್ರಶ್ನೆಯಲ್ಲಿರುವ ‘ಆದರೂ’ ಎಂಬ ಪದವನ್ನು ಹೊಡೆದುಹಾಕಿ ಅಲ್ಲಿ ‘ಅದಕ್ಕೇ’ ಅಂತ ಬರೆದುಕೊಳ್ಳಿ. ಮುಕ್ಕಾಲು ಉತ್ತರ ಅಲ್ಲೇ ಇದೆ. ಜನವರಿ ಬಂತೆಂದರೆ ಬೆಂಗಳೂರಿನಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಊರಿನ ಹೆಸರು ಮಾತ್ರ ಬೇರೆ: ಗುಲ್ಮಾರ್ಗ್, ಔಲಿ, ನಾರ್ಕಂಡ. ‘ಹಿಮಕ್ಕೆ ಎಕ್ಸ್‌ಪೋಷರ್ ಇಳಿಸಬೇಕು’ ಎಂಬ ನಂಬಿಕೆ ಮಾತ್ರ ಎಲ್ಲರದೂ ಒಂದೇ. ಎಡಿಟಿಂಗ್ ಆಮೇಲೆ ನೋಡೋಣ, ಮೊದಲು ಇದನ್ನು ಬುಡಸಮೇತ ಕಿತ್ತು ಹಾಕಬೇಕು.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಎದುರಿಗಿರುವುದು ಹಿಮವೋ ಹೆಂಚೋ ತಿಳಿಯುವುದಿಲ್ಲ. ತನ್ನ ಮುಂದಿರುವುದನ್ನೆಲ್ಲ ಕಲಸಿದರೆ ಮಧ್ಯಮ ಬೂದು ಬರುತ್ತದೆ, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು 18% ವಾಪಸ್ ಬರುತ್ತದೆ ಎಂದು ಅದು ಹಿಡಿದುಕೊಂಡಿರುತ್ತದೆ. ಈಗಿನ ಕ್ಯಾಮೆರಾಗಳು ದೃಶ್ಯ ನೋಡಿ ಸ್ವಲ್ಪ ಊಹೆ ಮಾಡುತ್ತವೆ, ನಿಜ. ಆದರೆ ಫ್ರೇಮಿನ ತುಂಬಾ ಬಿಳಿ ಇದ್ದಾಗ ಅವೂ ಕೊನೆಗೆ ಬೂದಿನ ಕಡೆಗೇ ವಾಲುತ್ತವೆ.

ನಂಬಿಕೆ ಬರದಿದ್ದರೆ ಮನಾಲಿಗೆ ಹೋಗಬೇಕಿಲ್ಲ, ತಾರಸಿಗೆ ಹೋದರೆ ಸಾಕು. ನೆರಳಿನಲ್ಲಿ ತಂತಿಯ ಮೇಲೆ ಒಂದು ಬಿಳಿ ಪಂಚೆ ಹರವಿ. ಪಕ್ಕದಲ್ಲಿ ಕಪ್ಪು ಕೊಡೆಯೊಂದನ್ನು ಬಿಡಿಸಿಡಿ. ಅಪರ್ಚರ್ ಮೋಡ್ (ಲೆನ್ಸಿನ ಕಿಂಡಿ ನಿಮ್ಮದು, ಶಟರ್ ವೇಗ ಕ್ಯಾಮೆರಾದ್ದು), ಐಎಸ್‌ಒ ಅಂದರೆ ಬೆಳಕಿನ ಸಂವೇದನೆ 100, ಕಿಂಡಿ ಎಫ್ 8, ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ್ದಕ್ಕಿಂತ ಎಷ್ಟು ಸ್ಟಾಪ್ ಹೆಚ್ಚು ಕಡಿಮೆ ಎನ್ನುವ ಡಯಲ್) ಸೊನ್ನೆ. ಪಂಚೆ ಬಿಟ್ಟು ಬೇರೇನೂ ಕಾಣದಷ್ಟು ಹತ್ತಿರ ಹೋಗಿ ಒಂದು ಫೋಟೋ, ಕೊಡೆಯದ್ದೂ ಹಾಗೆಯೇ ಒಂದು. ಆಟೋಫೋಕಸ್ ಸಿಗದೆ ಒದ್ದಾಡಿದರೆ ಮ್ಯಾನುಯಲ್‌ಗೆ ಹಾಕಿ, ಫೋಟೋ ಮಸುಕಾದರೂ ಅಡ್ಡಿಯಿಲ್ಲ. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ: ಪಂಚೆಯೂ ಬೂದು, ಕೊಡೆಯೂ ಬೂದು, ಯಾವುದು ಯಾವುದೆಂದು ನೇಯ್ಗೆ ನೋಡಿ ಹೇಳಬೇಕು. ಪಂಚೆಗೆ ಶಟರ್ 1/500 ಬಂದಿದ್ದರೆ ಕೊಡೆಗೆ 1/30ರ ಹತ್ತಿರ ಬಂದಿರುತ್ತದೆ. ಬಿಳಿಯನ್ನು ಕೆಳಗೆ ಎಳೆದು, ಕಪ್ಪನ್ನು ಮೇಲೆ ಎತ್ತಿ, ಎರಡನ್ನೂ ಒಂದೇ ಮಣೆಯ ಮೇಲೆ ಕೂರಿಸಿದೆ ಮೀಟರು. ಇನ್ನು ಪಂಚೆಗೆ ಪ್ಲಸ್ 2 ಕೊಟ್ಟು ತೆಗೆಯಿರಿ, ಪಂಚೆ ಪಂಚೆಯಾಗುತ್ತದೆ.

ಲೆಕ್ಕವೂ ಸುಲಭ. ಒಂದು ಸ್ಟಾಪ್ ಎಂದರೆ ದುಪ್ಪಟ್ಟು ಬೆಳಕು. 18ರ ದುಪ್ಪಟ್ಟು 36, ಅದರ ದುಪ್ಪಟ್ಟು 72. ಹೊಸದಾಗಿ ಬಿದ್ದ ಹಿಮ 80ರಿಂದ 90% ಬೆಳಕನ್ನು ವಾಪಸ್ ಕಳಿಸುತ್ತದೆ. ಅಂದರೆ ಬರೀ ಹಿಮ ನೋಡಿದ ಮೀಟರು ಎರಡು ಸ್ಟಾಪಿಗಿಂತ ಸ್ವಲ್ಪ ಹೆಚ್ಚೇ ಕತ್ತಲು ಮಾಡಿರುತ್ತದೆ. ಅದರ ಮೇಲೆ ನೀವು ಇನ್ನೊಂದು ಸ್ಟಾಪ್ ಇಳಿಸಿದ್ದೀರಿ.

ಹಾಗಾದರೆ ಈ ನಂಬಿಕೆ ಬಂದದ್ದೆಲ್ಲಿಂದ? ಇದಕ್ಕೊಂದು ಮರ್ಯಾದಸ್ಥ ಮೂಲವೇ ಇದೆ. ಫಿಲ್ಮ್ ಕಾಲದಲ್ಲಿ ಮೀಟರ್ ಇಲ್ಲದವರು ‘ಸನ್ನಿ 16’ ಲೆಕ್ಕ ಹಿಡಿಯುತ್ತಿದ್ದರು: ಚೆನ್ನಾಗಿ ಬಿಸಿಲಿದ್ದರೆ ಎಫ್ 16, ಶಟರ್ ಫಿಲ್ಮಿನ ಐಎಸ್‌ಒಗೆ ಸಮ, ಅಂದರೆ 100ಕ್ಕೆ 1/100. ಬಿಸಿಲಿನ ಮರಳು ಅಥವಾ ಹಿಮವಾದರೆ ಎಫ್ 22, ಒಂದು ಸ್ಟಾಪ್ ಕಡಿಮೆ (ಎಫ್ ಅಂಕಿ ಏರಿದಷ್ಟೂ ಕಿಂಡಿ ಕಿರಿದು). ಫಿಲ್ಮಿನ ಜೊತೆ ಬರುತ್ತಿದ್ದ ಪಟ್ಟಿಗಳಲ್ಲೂ ಇದೇ ಇರುತ್ತಿತ್ತು. ಹಿರಿಯರು ‘ಹಿಮಕ್ಕೆ ಒಂದು ಸ್ಟಾಪ್ ಇಳಿಸು’ ಎಂದದ್ದು ಇದನ್ನು ನೋಡಿಯೇ, ಮತ್ತು ಅವರು ಹೇಳಿದ್ದು ಸರಿ. ಆದರೆ ಯಾವುದಕ್ಕಿಂತ ಇಳಿಸುವುದು? ಎಫ್ 16ಕ್ಕಿಂತ. ಮೀಟರಿಗಿಂತ ಅಲ್ಲ! ಅದೇ ಬಿಸಿಲಿನ ಹಿಮಕ್ಕೆ ಮೀಟರ್ ಹಿಡಿದರೆ ಅದು ಎಫ್ 32ರ ಆಸುಪಾಸು ಹೇಳುತ್ತದೆ. ಎಫ್ 22 ಎಂದರೆ ಮೀಟರಿಗಿಂತ ಒಂದು ಸ್ಟಾಪ್ ಹೆಚ್ಚು ಬೆಳಕು. ಹಳೆಯ ಮಾತನ್ನು ಇವತ್ತಿನ ಕ್ಯಾಮೆರಾದ ಭಾಷೆಯಲ್ಲಿ ಹೇಳಿದರೆ ಅದು ‘ಪ್ಲಸ್ 1’. ಮಾತು ಉಳಿಯಿತು, ಅಳೆಯುವ ಕೋಲು ಬದಲಾಯಿತು, ಅಷ್ಟೇ ಆದದ್ದು.

ಇದೇ ನಂಬಿಕೆಗೆ ಇನ್ನೊಂದು ವೇಷವಿದೆ: ‘ರಾ ಫೈಲ್‌ನಲ್ಲಿ ತೆಗೆದಿದ್ದೇನೆ, ಇಳಿದಿದ್ದರೇನು, ಆಮೇಲೆ ಎತ್ತಿದರಾಯಿತು.’ (ರಾ ಎಂದರೆ ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಇಟ್ಟುಕೊಳ್ಳುವ ಫೈಲ್.) ಹಿಮದ ಮಟ್ಟಿಗೆ ಹೌದು, ಎತ್ತಬಹುದು. ಕೆಡುವುದು ಹಿಮವಲ್ಲ, ಮರ. ಪ್ಲಸ್ 1.3 ಬೇಕಾದ ಕಡೆ ಮೈನಸ್ 1 ಕೊಟ್ಟರೆ ಕೊರತೆ 2.3 ಸ್ಟಾಪ್, ಅಂದರೆ ಸೆನ್ಸರಿಗೆ ತಲುಪಿದ್ದು ಬೇಕಾದ ಬೆಳಕಿನ ಐದರಲ್ಲೊಂದು ಪಾಲು. ದೇವದಾರು ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊದಲೇ ಬೆಳಕಿಲ್ಲ, ಅದನ್ನು ಐದು ಪಟ್ಟು ಹಿಗ್ಗಿಸಿದಾಗ ಹಸಿರು ನೇರಳೆ ಚುಕ್ಕಿಗಳು ಎದ್ದು ಬರುತ್ತವೆ. ಹಿಮ ಬೆಳ್ಳಗಾಯಿತು ಎಂದು ಖುಷಿಪಡುವಾಗ ಕಾಡು ಹಾಳಾಗಿರುತ್ತದೆ.

ಹಾಗಂತ ಎಲ್ಲೆಡೆ ಕಣ್ಣುಮುಚ್ಚಿ ಪ್ಲಸ್ 2 ತಿರುಗಿಸಿದರೂ ಕೆಟ್ಟಿತು. ಕಾಡೆಂದರೆ ಬರೀ ಹಿಮವಲ್ಲ, ಕಪ್ಪು ಕಾಂಡಗಳು ಮೀಟರನ್ನು ಈಗಾಗಲೇ ಸ್ವಲ್ಪ ಮೇಲೆ ಎಳೆದಿರುತ್ತವೆ. ಮೋಡ ಕವಿದ ದಿನ, ಫ್ರೇಮಿನಲ್ಲಿ ಮುಕ್ಕಾಲು ಪಾಲು ಹಿಮವಿದ್ದರೆ ಪ್ಲಸ್ 1ರಿಂದ 1.7. ಅರ್ಧಕ್ಕರ್ಧ ಮರಗಳಿದ್ದರೆ 0.7 ಸಾಕು. ಮರಗಳ ನಡುವೆ ಬಿಸಿಲಿನ ತೇಪೆಗಳು ಬಿದ್ದಿದ್ದರೆ 0.3ರಿಂದ ಶುರುಮಾಡಿ, ಏಕೆಂದರೆ ಮೊದಲು ಸುಟ್ಟುಹೋಗುವುದು, ಅಂದರೆ ವಿವರ ಅಳಿಸಿ ಬರೀ ಬಿಳಿಯಾಗುವುದು, ಆ ತೇಪೆಗಳೇ. ಒಂದು ಫೋಟೋ ತೆಗೆದು ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಇರುವ ಬೆಳಕಿನ ನಕ್ಷೆ) ನೋಡಿ: ಹಿಮದ ಗುಡ್ಡೆ ಬಲಗಡೆಯ ಕೊನೆಯ ಕಾಲುಭಾಗದಲ್ಲಿರಬೇಕು, ಗೋಡೆಗೆ ಒರಗಿರಬಾರದು. ಹೈಲೈಟ್ ಎಚ್ಚರಿಕೆ ಆನ್ ಮಾಡಿಟ್ಟರೆ ಸುಟ್ಟ ಜಾಗ ಮಿನುಗುತ್ತದೆ. ಪರದೆಯ ಹೊಳಪನ್ನು ಮಾತ್ರ ನಂಬಬೇಡಿ. ಸುತ್ತಲಿನ ಹಿಮದ ಝಳಕ್ಕೆ ಎಂಥ ಫೋಟೋವೂ ಅಲ್ಲಿ ಕತ್ತಲಾಗಿಯೇ ಕಾಣುತ್ತದೆ.

‘ಕಾಂಪೆನ್ಸೇಷನ್ ಡಯಲ್ ತಿರುಗಿಸಿದರೂ ಏನೂ ಬದಲಾಗಲಿಲ್ಲ’ ಎನ್ನುವವರು ಮೋಡ್ ನೋಡಿಕೊಳ್ಳಿ. ಪೂರ್ತಿ ಮ್ಯಾನುಯಲ್‌ನಲ್ಲಿ, ಐಎಸ್‌ಒ ಕೂಡ ಕೈಯಲ್ಲೇ ಇಟ್ಟುಕೊಂಡಿದ್ದರೆ, ಆ ಡಯಲ್ ಮೀಟರಿನ ಮುಳ್ಳನ್ನಷ್ಟೇ ಸರಿಸುತ್ತದೆ. ಹಸಿರು ಆಟೋ ಮೋಡ್‌ನಲ್ಲಿ ಬಹಳಷ್ಟು ಕ್ಯಾಮೆರಾಗಳು ಅದನ್ನು ಮುಟ್ಟಲೂ ಬಿಡುವುದಿಲ್ಲ. ಫೋನಾದರೆ ಹಿಮದ ಮೇಲೆ ಬೆರಳಿಟ್ಟಾಗ ಚಿತ್ರ ಕಪ್ಪಾಗುತ್ತದೆ, ಆಗ ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಫೋಕಸ್ ಯಾವಾಗಲೂ ಕಾಂಡದ ಅಂಚಿನ ಮೇಲೆ. ಹಿಮ ಬೀಳುತ್ತಿದ್ದರೆ 1/500ರಲ್ಲಿ ಹಿಮದ ಚೂರುಗಳು ಚುಕ್ಕಿಗಳಾಗಿ ನಿಲ್ಲುತ್ತವೆ, 1/60ರಲ್ಲಿ ಗೀರುಗಳಾಗುತ್ತವೆ. ಫ್ಲಾಶ್ ಹಾರಿಸಿದರೆ ಲೆನ್ಸಿನ ಹತ್ತಿರದ ಚೂರುಗಳೆಲ್ಲ ಬೋಂಡದಷ್ಟು ಗಾತ್ರಕ್ಕೆ ಊದುತ್ತವೆ, ಅದು ಬೇಡ.

ಈಗ ಎಡಿಟಿಂಗ್. ನೀಲಿ ನೆರಳಿನ ದೂರು ಮೊದಲು. ಅದು ಕ್ಯಾಮೆರಾದ ತಪ್ಪಲ್ಲ. ಬಿಸಿಲು ಮುಟ್ಟದ ಹಿಮಕ್ಕೆ ಬೆಳಕು ಬರುವುದೇ ಆಕಾಶದಿಂದ, ಆಕಾಶ ನೀಲಿ, ಹಿಮ ಬಿಳಿ, ಆದ್ದರಿಂದ ನೆರಳು ನೀಲಿ. ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಅಂಕಿ ಏರಿದಷ್ಟೂ ನೀಲಿ: ಬಿಸಿಲಿನ ಬೆಳಕು 5500ರ ಆಸುಪಾಸಿನದು, ತಿಳಿ ಆಕಾಶದ ಕೆಳಗಿನ ನೆರಳು 7000 ದಾಟಿ 10000ದ ತನಕವೂ ಹೋಗುತ್ತದೆ. ಸ್ಥಳದಲ್ಲಿ ನಿಂತಾಗ ನಮ್ಮ ಮಿದುಳು ಅದನ್ನು ಸದ್ದಿಲ್ಲದೆ ತಿದ್ದಿಬಿಡುತ್ತದೆ, ಫೋಟೋ ತಿದ್ದುವುದಿಲ್ಲ. ‘ಇದು ಬಿಳಿ’ ಎಂದು ಎಡಿಟಿಂಗ್ ತಂತ್ರಾಂಶಕ್ಕೆ ತೋರಿಸುವ ವೈಟ್ ಬ್ಯಾಲೆನ್ಸ್ ಡ್ರಾಪರನ್ನು ಬಿಸಿಲಿನ ಹಿಮದ ಮೇಲೆ ಒತ್ತಿ. ನೆರಳಿನ ಮೇಲೆ ಒತ್ತಿದಿರೋ, ನೆರಳು ಬೆಳ್ಳಗಾಗಿ ಬಿಸಿಲಿನ ಹಿಮ ಹಳದಿಯಾಗುತ್ತದೆ, ಹಳೆಯ ಬೆಣ್ಣೆಯ ಹಾಗೆ. ಆಮೇಲೂ ನೀಲಿ ಅತಿಯೆನಿಸಿದರೆ ನೀಲಿಯ ಸ್ಯಾಚುರೇಷನ್ ಮಾತ್ರ 15ರಿಂದ 30 ಇಳಿಸಿ. ಪೂರ್ತಿ ತೆಗೆದರೆ ಹಿಮ ಬೂದಿಯಾಗುತ್ತದೆ. ಆ ಚೂರು ನೀಲಿಯೇ ಚಳಿ.

ನಂತರ ಎಕ್ಸ್‌ಪೋಷರ್. ಕಾಡು ಒಟ್ಟಾರೆ ಸರಿಕಾಣುವ ತನಕ ಎತ್ತಿ, ಆಮೇಲಷ್ಟೇ ಅತಿ ಬೆಳ್ಳಗಿನ ಭಾಗಗಳನ್ನು ಸರಿಸುವ ವೈಟ್ಸ್ ಸ್ಲೈಡರ್. ಲೈಟ್‌ರೂಮ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಆಲ್ಟ್ ಕೀ ಒತ್ತಿ ಹಿಡಿದು ವೈಟ್ಸ್ ಎಳೆದರೆ ಸುಡುವ ಜಾಗ ಕಪ್ಪು ಪರದೆಯ ಮೇಲೆ ಮೂಡುತ್ತದೆ, ಮೊದಲ ಚುಕ್ಕಿ ಕಂಡಲ್ಲಿ ನಿಲ್ಲಿಸಿ. ಚಿತ್ರದ ಮೇಲೆ ಮೌಸ್ ಇಟ್ಟರೆ ಹಿಸ್ಟೋಗ್ರಾಂ ಕೆಳಗೆ ಶೇಕಡಾವಾರು ಅಂಕಿ ಬರುತ್ತದೆ: ಬಿಸಿಲಿನ ಹಿಮ 90ರಿಂದ 96, ನೆರಳಿನ ಹಿಮ 60ರಿಂದ 75 ಇದ್ದರೆ ಹದ. ಎಲ್ಲ ಹಿಮವನ್ನೂ 98ಕ್ಕೆ ತಳ್ಳಿದರೆ ಅದು ಸುಣ್ಣ ಬಳಿದ ಗೋಡೆ. ಹೈಲೈಟ್ಸ್ ಮೈನಸ್ 30ರ ಸುತ್ತ ಇಟ್ಟರೆ ಹಿಮದ ಮೇಲಿನ ಹರಳು, ಹೆಜ್ಜೆಗುರುತು ವಾಪಸ್ ಬರುತ್ತವೆ. ಮಬ್ಬು ತೆಗೆಯುವ ಡೀಹೇಜ್ ಮತ್ತು ಅಂಚುಗಳನ್ನು ಎದ್ದು ಕಾಣಿಸುವ ಕ್ಲಾರಿಟಿಯನ್ನು ಇಡೀ ಚಿತ್ರಕ್ಕೆ ಸುರಿಯಬೇಡಿ. ಡೀಹೇಜ್ ಹಿಮವನ್ನು ಮತ್ತೆ ಬೂದು ಮಾಡಿ ನೀಲಿಯನ್ನು ಕೆರಳಿಸುತ್ತದೆ, ಕ್ಲಾರಿಟಿ ಕೊಂಬೆಗಳ ಸುತ್ತ ಬೆಳ್ಳನೆ ಗೆರೆ ಎಳೆಯುತ್ತದೆ. ಬೇಕಿದ್ದರೆ ಕಾಂಡಗಳಿಗೆ ಮಾಸ್ಕ್ ಹಾಕಿ ಅಲ್ಲಿಗಷ್ಟೇ 10ರಿಂದ 15. ಹಿಮ ಬೀಳುತ್ತಿರುವ ಚಿತ್ರಕ್ಕೆ ಡೀಹೇಜ್ ಮೈನಸ್ 5 ಕೊಟ್ಟರೆ ಇನ್ನೂ ಚೆಂದ.

ಕಲರೋ, ಕಪ್ಪು ಬಿಳುಪೋ? ಬಣ್ಣಕ್ಕೆ ಚಿತ್ರದಲ್ಲಿ ಕೆಲಸವಿದೆಯೇ ನೋಡಿ. ಬೆಳಗಿನ ಬಿಸಿಲು ಕಾಂಡದ ಒಂದು ಮಗ್ಗುಲನ್ನು ಕೆಂಪಾಗಿಸಿ, ಇನ್ನೊಂದು ಮಗ್ಗುಲಲ್ಲಿ ನೀಲಿ ನೆರಳು ಮಲಗಿದ್ದರೆ ಬಣ್ಣ ತೆಗೆಯುವುದು ಪಾಪ. ಮೋಡ ಕವಿದು, ಕಾಂಡಗಳ ಸಾಲು ಮಾತ್ರ ಉಳಿದಿದ್ದರೆ ಕಪ್ಪು ಬಿಳುಪಿಗೆ ತನ್ನಿ. ಅಲ್ಲಿ ಹಸಿರು, ಹಳದಿ ಸ್ಲೈಡರ್ ಎತ್ತಿದರೆ ಎಲೆಗಳು ತಿಳಿಯಾಗುತ್ತವೆ, ನೀಲಿ ಇಳಿಸಿದರೆ ಹಿಮದ ಏರಿಳಿತ ಕಾಣುತ್ತದೆ. ಸಂಜೆಗತ್ತಲ ಚಿತ್ರವಾದರೆ ನೀಲಿಯಾಗಿಯೇ ಬಿಡಿ, ಅದನ್ನು ಮಧ್ಯಾಹ್ನ ಮಾಡಲು ಹೋಗಬೇಡಿ. ಇನ್ನು ಎಲ್ಲದರ ಮೇಲೂ ಒಂದೇ ‘ವಿಂಟರ್’ ಪ್ರಿಸೆಟ್ ಒತ್ತುವವರಿಗೆ ಹೇಳುವುದೇನೂ ಇಲ್ಲ.

ನಿಮ್ಮ ಈಗಿನ ಫೋಟೋಗಳು ರಾ ಆಗಿದ್ದರೆ ಎಕ್ಸ್‌ಪೋಷರ್ ಪ್ಲಸ್ 2ರ ತನಕ ಎತ್ತಿ, ನಾಯ್ಸ್ ರಿಡಕ್ಷನ್ ಕೊಡಿ, ಕಾಂಡಗಳ ಶಾಡೋಸ್ ಎತ್ತುವ ಆಸೆ ಬಿಡಿ, ಕಪ್ಪಾಗಿದ್ದರೆ ಕಪ್ಪಾಗಿರಲಿ. ಜೆಪೆಗ್ ಆಗಿದ್ದರೆ ಅಷ್ಟು ಎತ್ತಿದಾಗ ಹಿಮದ ನುಣುಪಿನಲ್ಲಿ ಪಟ್ಟೆ ಪಟ್ಟೆ ಮೂಡುತ್ತದೆ, ಕಪ್ಪು ಬಿಳುಪೇ ಗತಿ.

ಕೇಳಿಲ್ಲ, ಆದರೂ ಒಂದು ಮಾತು. ಮುಂದಿನ ಡಿಸೆಂಬರ್ ತನಕ ಕಾಯುವ ಬದಲು ಸಕಲೇಶಪುರ, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳು ಹೂ ಬಿಡುವುದನ್ನು ನೋಡಿ. ಬೇಸಿಗೆಯ ಮೊದಲ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತದೆ, ಮೇಲೆ ಸಿಲ್ವರ್ ಓಕ್ ಮರಗಳ ಕಾಂಡಗಳು. ದೂರದಿಂದ ಹಿಮ ಬಿದ್ದ ಕಾಡೇ. ಅಲ್ಲಿ ಹೋಗಿ ಪ್ಲಸ್ 1 ತಿರುಗಿಸಿದರೆ ಮಾತ್ರ ಹೂವೆಲ್ಲ ಸುಟ್ಟು ಕಾಗದದ ಚೂರುಗಳಾಗುತ್ತವೆ. ಫ್ರೇಮಿನಲ್ಲಿ ಹೂ ಕಾಲುಭಾಗವಾದರೆ ಕಡುಹಸಿರು ಎಲೆ, ನೆರಳು ಮುಕ್ಕಾಲು. ಮೀಟರು ಈ ಸಲ ಕೊಡೆ ನೋಡುತ್ತಿದೆ, ಪಂಚೆಯನ್ನಲ್ಲ. ಮೈನಸ್ 0.3ರಿಂದ 0.7 ಇಳಿಸಿ. ನಿಮಗೆ ಇಳಿಸುವ ಆಸೆ ಇತ್ತಲ್ಲ, ಅದಕ್ಕೆ ಸರಿಯಾದ ಜಾಗ ಇದು. ಹೂ ಎರಡು ಮೂರು ದಿನದಲ್ಲಿ ಬಾಡುತ್ತದೆ, ಬೆಳಿಗ್ಗೆ ಬಿಸಿಲೇರುವ ಮೊದಲೇ ಅಲ್ಲಿರಿ, ತೋಟದವರನ್ನು ಕೇಳಿಯೇ ಒಳಗೆ ಕಾಲಿಡಿ.