ಹಳೆ ಕಪ್ಪು-ಬಿಳುಪು ಮಾನ್‌ಸ್ಟರ್ ಸಿನಿಮಾ: ಭಯವೇ ಆಗದಿದ್ದರೆ ನೋಡೋದು ಹೇಗೆ?

ಓದುಗರ ಪ್ರಶ್ನೆ: 'ಡ್ರಾಕುಲಾ', 'ಫ್ರಾಂಕೆನ್‌ಸ್ಟೈನ್' ಥರದ ಹಳೆ ಹಾಲಿವುಡ್ ಸಿನಿಮಾಗಳನ್ನು ಎಲ್ಲರೂ ಹೊಗಳುತ್ತಾರೆ. ನಾನೂ ಒಂದನ್ನು ಹಾಕಿಕೊಂಡು ಕೂತೆ. ಭಯವಂತೂ ಆಗಲಿಲ್ಲ, ಅರ್ಧಕ್ಕೇ ನಿದ್ದೆ ಬಂತು. ಇವುಗಳಲ್ಲಿ ಅಂಥದ್ದೇನಿದೆ?

ನೀವು ನೋಡಿದ್ದು 1931ರ 'ಡ್ರಾಕುಲಾ' ಇರಬೇಕು. ಬಹಳ ಜನ ಅಲ್ಲಿಂದಲೇ ಶುರು ಮಾಡಿ ಅಲ್ಲೇ ನಿಲ್ಲಿಸಿಬಿಡುತ್ತಾರೆ. ಮೊದಲಿಗೆ ಬರುವ ಕೋಟೆಯ ಭಾಗ ಇವತ್ತಿಗೂ ಅದ್ಭುತವೇ. ಆದರೆ ಕಥೆ ಇಂಗ್ಲೆಂಡಿಗೆ ಬಂದಮೇಲೆ ಪಾತ್ರಗಳು ಕೋಣೆಯೊಳಗೆ ನಿಂತು ಮಾತಾಡುವುದೇ ಜಾಸ್ತಿ, ಯಾಕೆಂದರೆ ಅದು ರಂಗದ ಮೇಲೆ ಗೆದ್ದ ನಾಟಕದಿಂದ ಬಂದದ್ದು, ಡ್ರಾಕುಲಾ ಆಗಿ ನಟಿಸಿದ ಬೇಲಾ ಲುಗೋಸಿ ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇಯಲ್ಲೂ ಅದೇ ಪಾತ್ರ ಮಾಡಿದ್ದ. ಸಿನಿಮಾಕ್ಕೆ ಮಾತು ಬಂದು ಆಗ ಕೆಲವೇ ವರ್ಷ. ಹಾಗಾಗಿ ಹಿನ್ನೆಲೆ ಸಂಗೀತವೂ ಇಲ್ಲವೆನ್ನುವಷ್ಟು ಕಡಿಮೆ. ಅದೇ ಸೆಟ್‌ನಲ್ಲಿ ರಾತ್ರಿ ಹೊತ್ತು ಬೇರೆ ತಂಡ ಸ್ಪ್ಯಾನಿಷ್‌ನಲ್ಲಿ ಇನ್ನೊಂದು 'ಡ್ರಾಕುಲಾ' ತೆಗೆಯಿತು. ಅದರಲ್ಲಿ ಕ್ಯಾಮೆರಾ ಹೆಚ್ಚು ಓಡಾಡುತ್ತದೆ, ನನಗಂತೂ ಅದೇ ಇಷ್ಟ.

ನೀವು 'ಫ್ರಾಂಕೆನ್‌ಸ್ಟೈನ್'ನಿಂದ ಶುರು ಮಾಡಿ. ಅದೂ 1931ರದ್ದೇ, ಸುಮಾರು 70 ನಿಮಿಷ ಅಷ್ಟೇ. ಭಯ ಯಾವಾಗ ಆಗುತ್ತದೆ ಅಂತ ಕಾಯಬೇಡಿ. ವಿಜ್ಞಾನಿಯೊಬ್ಬ ಹೆಣದ ತುಂಡುಗಳಿಂದ ಸೃಷ್ಟಿಸಿದ ರಾಕ್ಷಸನಾಗಿ ನಟಿಸಿದ ಬೋರಿಸ್ ಕಾರ್ಲಾಫ್‌ನ ಮುಖ ನೋಡುತ್ತಾ ಕೂತುಕೊಳ್ಳಿ. ಈ ಸಿನಿಮಾಗಳ ಜೀವ ಇರುವುದು ಭಯದಲ್ಲಲ್ಲ, ಆ ರಾಕ್ಷಸನ ಮೇಲೆ ನಮಗೆ ಹುಟ್ಟುವ ಕನಿಕರದಲ್ಲಿ.

ಒಂದು ದೃಶ್ಯ ಹೇಳುತ್ತೇನೆ. ಕತ್ತಲಲ್ಲಿಟ್ಟಿದ್ದ ಅವನ ಮೇಲೆ ಚಾವಣಿಯ ಕಿಂಡಿ ತೆರೆದು ಮೊದಲ ಸಲ ಬೆಳಕು ಬೀಳುತ್ತದೆ. ಅವನು ತಲೆ ಎತ್ತಿ, ಎರಡೂ ಕೈ ಚಾಚಿ ಬೆಳಕನ್ನು ಹಿಡಿಯಲು ನೋಡುತ್ತಾನೆ. ಕಿಂಡಿ ಮುಚ್ಚುತ್ತಾರೆ. ಕೈಗಳು ಮಾತ್ರ ಇನ್ನೂ ಬೇಡುತ್ತಲೇ ಇರುತ್ತವೆ. ಮಾತಿಲ್ಲ, ಸಂಗೀತವಿಲ್ಲ, ಆದರೂ ಕರುಳು ಚುರ್ ಅನ್ನುತ್ತದೆ. ಆಮೇಲೆ ಕೆರೆ ದಂಡೆಯ ದೃಶ್ಯ ಬರುತ್ತದೆ. ಪುಟ್ಟ ಹುಡುಗಿಯೊಬ್ಬಳು ಹೆದರದೆ ಅವನ ಜೊತೆ ಕೂತು, ನೀರಿನಲ್ಲಿ ಹೂ ತೇಲಿಬಿಡುವ ಆಟ ಕಲಿಸುತ್ತಾಳೆ. ಹೂವು ಮುಗಿದಾಗ, ಇವಳೂ ತೇಲುತ್ತಾಳೆ ಅಂದುಕೊಂಡು ಅವಳನ್ನೇ ನೀರಿಗೆ ಎಸೆಯುತ್ತಾನೆ. ಅವಳು ಮುಳುಗಿದ್ದು ಕಂಡು ಕಂಗಾಲಾಗುತ್ತಾನೆ. ಅವನು ಎಸೆಯುವ ತುಣುಕನ್ನು ಕತ್ತರಿಸಿ ಎಷ್ಟೋ ವರ್ಷ ತೋರಿಸಿದರು. ಅವನು ಅವಳತ್ತ ಕೈ ಚಾಚುವಲ್ಲಿಗೇ ದೃಶ್ಯ ನಿಂತುಬಿಡುತ್ತಿದ್ದರಿಂದ, ಜನ ಇನ್ನೂ ಕೆಟ್ಟದ್ದನ್ನೇ ಊಹಿಸಿಕೊಂಡರು. ಅದು ಮತ್ತೆ ಸೇರಿದ್ದು 1980ರ ದಶಕದಲ್ಲಿ. ನೀವು ನೋಡುವ ಪ್ರತಿಯಲ್ಲಿ ಅದು ಇದೆಯಾ ಅಂತ ಗಮನಿಸಿ.

ಆ ಮುಖವನ್ನು ರೂಪಿಸಿದವನು ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್. ಕಾರ್ಲಾಫ್ ದಿನಾ ಗಂಟೆಗಟ್ಟಲೆ ಅವನ ಮುಂದೆ ಕೂರುತ್ತಿದ್ದ. ಕಣ್ಣಲ್ಲಿ ಚುರುಕು ಜಾಸ್ತಿ ಕಾಣುತ್ತಿದೆ ಅಂತ ರೆಪ್ಪೆಗೆ ಮೇಣ ಹಚ್ಚಿಸಿಕೊಂಡ, ಒಂದು ಕೆನ್ನೆ ಗುಳಿ ಬೀಳಲಿ ಅಂತ ಕಟ್ಟಿಸಿದ್ದ ಹಲ್ಲು ತೆಗೆದಿಟ್ಟ. ಬಳಿದ ಬಣ್ಣ ಹಸಿರು ಮಿಶ್ರಿತ ಬೂದು. ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಅದು ಹೆಣದ ಬಿಳಿಚು ಬಣ್ಣವಾಗಿ ಕಾಣುತ್ತದೆ.

ಬಣ್ಣ ಇಲ್ಲದ್ದು ಕೊರತೆ ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಅದೇ ವರ್ಷದ 'ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್' ನೋಡಿ. ಒಳ್ಳೆಯ ವೈದ್ಯನೊಬ್ಬ ದುಷ್ಟನಾಗಿ ಬದಲಾಗುವ ಪಾತ್ರ ಮಾಡಿದ ಫ್ರೆಡ್ರಿಕ್ ಮಾರ್ಚ್‌ನ ಮುಖ ಎಲ್ಲೂ ಕಟ್ ಇಲ್ಲದೆ, ನಮ್ಮ ಕಣ್ಣೆದುರೇ ಕರಾಳವಾಗುತ್ತಾ ಹೋಗುತ್ತದೆ. ಮುಖದ ಮೇಲೆ ಬಣ್ಣದ ಮೇಕಪ್ ಮೊದಲೇ ಇರುತ್ತದೆ, ಆದರೆ ಕ್ಯಾಮೆರಾ ಮುಂದೆ ಅದೇ ಬಣ್ಣದ ಫಿಲ್ಟರ್ ಇರುವಷ್ಟು ಹೊತ್ತು ಫಿಲ್ಮ್‌ನಲ್ಲಿ ಕಾಣುವುದಿಲ್ಲ. ಫಿಲ್ಟರ್ ಬದಲಾದಂತೆ ಗೆರೆಗಳು ಮೇಲೇಳುತ್ತವೆ. ಬಣ್ಣದ ಫಿಲ್ಮ್‌ನಲ್ಲಿ ಈ ಗುಟ್ಟು ಉಳಿಯುತ್ತಲೇ ಇರಲಿಲ್ಲ. 1933ರ 'ದಿ ಇನ್‌ವಿಸಿಬಲ್ ಮ್ಯಾನ್'ನಲ್ಲೂ ಹೀಗೇ. ನಟನಿಗೆ ಮೈತುಂಬಾ ಕಪ್ಪು ಮಕಮಲ್ ತೊಡಿಸಿ, ಅದರ ಮೇಲೆ ಬಟ್ಟೆ ಹಾಕಿಸಿ, ಕಪ್ಪು ಮಕಮಲ್ ಪರದೆಯ ಮುಂದೆ ಶೂಟ್ ಮಾಡಿದರು. ಮನುಷ್ಯ ಮಾಯ, ಅಂಗಿ ಮಾತ್ರ ಓಡಾಡುತ್ತದೆ!

ನೋಡುವಾಗ ಕೋಣೆಯ ಲೈಟ್ ಪೂರ್ತಿ ಆರಿಸಿ. ಈ ಸಿನಿಮಾಗಳ ಅರ್ಧ ಕೆಲಸ ನೆರಳಿನದ್ದು, ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಆ ನೆರಳೆಲ್ಲ ಮಸಿ ಮೆತ್ತಿದ ಹಾಗೆ ಕಾಣುತ್ತದೆ. ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನೂ ತೆಗೆಯಿರಿ. ಆಮೇಲೆ ಬಣ್ಣ ತುಂಬಿದ ಪ್ರತಿಗಳ ಹತ್ತಿರ ದಯವಿಟ್ಟು ಹೋಗಬೇಡಿ.

'ಫ್ರಾಂಕೆನ್‌ಸ್ಟೈನ್' ಹಿಡಿಸಿದರೆ ಮರುದಿನವೇ 1935ರ 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್' ನೋಡಿ. ಅದೇ ನಿರ್ದೇಶಕ ಜೇಮ್ಸ್ ವೇಲ್, ಆದರೆ ಈ ಸಲ ಕೈ ಇನ್ನೂ ಪಳಗಿದೆ. ಕಾಡಿನ ಗುಡಿಸಲಿನ ಕುರುಡ ಮುದುಕ ಇವನ ಮುಖ ಕಾಣದ್ದರಿಂದಲೇ ಒಳಗೆ ಕರೆದು, ಊಟ ಕೊಟ್ಟು, ಮಾತು ಕಲಿಸುತ್ತಾನೆ. ನನ್ನ ಮಟ್ಟಿಗೆ ಈ ಇಡೀ ಬಗೆಯ ಸಿನಿಮಾಗಳಲ್ಲೇ ಅದಕ್ಕಿಂತ ದೊಡ್ಡ ದೃಶ್ಯ ಇಲ್ಲ. 1941ರ 'ದಿ ವುಲ್ಫ್ ಮ್ಯಾನ್' ಅದಾದ ಮೇಲೆ ನೋಡಿದರೆ ಸಾಕು.