ದಿನಕ್ಕೊಂದು ಗಂಟೆ ಓದಿದರೆ ಡಿಗ್ರಿ ಮುಗಿಯುತ್ತದೆಯೇ?

ಪ್ರಶ್ನೆ: ನನಗೆ 36 ವರ್ಷ. ಕೆಲಸಕ್ಕೆ ಹೋಗುತ್ತೇನೆ, ಇಬ್ಬರು ಮಕ್ಕಳಿದ್ದಾರೆ. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಬಿ.ಎ.ಗೆ ಸೇರಿದ್ದೇನೆ. ರಾತ್ರಿ ಹತ್ತಕ್ಕೆ ಪುಸ್ತಕ ಹಿಡಿದರೆ ಓದಿದ ಪುಟವನ್ನೇ ಮತ್ತೆ ಮತ್ತೆ ಓದುತ್ತಿರುತ್ತೇನೆ, ತಲೆಗೆ ಹತ್ತುವುದಿಲ್ಲ. ದಿನಕ್ಕೆ ಒಂದು ಗಂಟೆ ಸಾಕೇ?

ಉತ್ತರ: ಲೆಕ್ಕ ಹಾಕಿ ನೋಡಿದರೆ ಒಂದು ಗಂಟೆ ಸಾಲದು. ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ ಓದು, ಅಸೈನ್‌ಮೆಂಟ್ ಎಲ್ಲ ಸೇರಿ 30 ಗಂಟೆಯ ಶ್ರಮ; ನಿಮ್ಮದು ಹಳೆಯ ಪಠ್ಯಕ್ರಮದ, 132 ಕ್ರೆಡಿಟ್‌ಗಳ ಬಿ.ಎ. ಆಗಿದ್ದರೆ ಪದವಿಗೆ 3,960 ಗಂಟೆ ಬೇಕು. ಇದನ್ನು 3 ವರ್ಷದಲ್ಲಿ ಮುಗಿಸಲು ವಾರಕ್ಕೆ ಸುಮಾರು 25 ಗಂಟೆ ಓದಬೇಕಾಗುತ್ತದೆ. ಸಂಸಾರವಂದಿಗರಿಗೆ ಇದು ಕಷ್ಟವೇ ಸರಿ. ಆದರೆ ಪದವಿ ಮುಗಿಸಲು 6 ವರ್ಷದವರೆಗೆ ಅವಕಾಶವಿರುವುದರಿಂದ, ವಾರಕ್ಕೆ ಹನ್ನೆರಡೂವರೆ ಗಂಟೆಯ ಆಸುಪಾಸಿನಲ್ಲಿ, ಅಂದರೆ ಆರು ದಿನ ಒಂದೂವರೆ ಗಂಟೆ ಮತ್ತು ಭಾನುವಾರ ಮೂರೂವರೆ ಗಂಟೆ ಕೂತರೆ ಬಹುಮಟ್ಟಿಗೆ ದಡ ಮುಟ್ಟಬಹುದು. ನಿಧಾನವಾಗಿ ಮುಗಿಸುವುದು ನಾಚಿಕೆಯ ವಿಷಯವೆಂದು ನನಗನ್ನಿಸುವುದಿಲ್ಲ.

ನಿಮ್ಮ ನಿಜವಾದ ತೊಡಕು ಇರುವುದು ಓದಿದ್ದನ್ನೇ ಓದುವುದರಲ್ಲಿ. ಮತ್ತೆ ಓದಿದಾಗ ಪುಟ ಪರಿಚಿತವೆನಿಸುತ್ತದೆ. ಆ ಪರಿಚಯವನ್ನೇ ನಾವು ಕಲಿಕೆಯೆಂದು ಭ್ರಮಿಸುತ್ತೇವೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಹಲವು ಸಲ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು; ಒಂದು ವಾರ ಕಳೆದ ಮೇಲೆ, ಪಾಠವನ್ನು ಬದಿಗಿಟ್ಟು ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಮೇಲುಗೈ ಸಾಧಿಸಿದ್ದರು. ಆದ್ದರಿಂದ ಮೂರು ನಾಲ್ಕು ಪುಟ ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಹಾಳೆಯ ಮೇಲೆ ಬರೆಯಿರಿ. ಪಾಠ ಇಂಗ್ಲಿಷಿನಲ್ಲಿದ್ದರೆ ಮೊದಲ ಸಲ ಕನ್ನಡದಲ್ಲೇ ಬರೆದರೂ ಅಡ್ಡಿಯಿಲ್ಲ. ಬಿಟ್ಟುಹೋದದ್ದನ್ನಷ್ಟೇ ತೆರೆದು ನೋಡಿ, ಮೂರು ದಿನ ಬಿಟ್ಟು ಅದೇ ಪಾಠವನ್ನು ಮತ್ತೆ ನೆನಪಿನಿಂದಲೇ ಬರೆಯಿರಿ. ಇಗ್ನೋ ಪಠ್ಯಗಳ ನಡುನಡುವೆ ಬರುವ, ಹೆಚ್ಚಿನವರು ಹಾರಿಸಿಬಿಡುವ ಸ್ವಪರೀಕ್ಷೆಯ ಪ್ರಶ್ನೆಗಳು ಇರುವುದೇ ಇದಕ್ಕಾಗಿ.

ಅಸೈನ್‌ಮೆಂಟ್‌ಗಳನ್ನು ಪ್ರತ್ಯೇಕ ಹೊರೆಯೆಂದು ಕೊನೆಯ ವಾರಕ್ಕೆ ತಳ್ಳಬೇಡಿ. ಅವಕ್ಕೆ ಶೇ. 30ರಷ್ಟು ಅಂಕಗಳಿವೆ, ಅದಕ್ಕಿಂತ ಹೆಚ್ಚಾಗಿ, ಸ್ವತಃ ಬರೆದ ಅಸೈನ್‌ಮೆಂಟ್ ಪರೀಕ್ಷೆಗೆ ಅರ್ಧ ತಯಾರಿಯೇ ಆಗಿರುತ್ತದೆ. ದುಡ್ಡಿಗೆ ಸಿಗುವ ಸಿದ್ಧ ಉತ್ತರಗಳನ್ನು ನಕಲು ಮಾಡುವವರು ಕಳೆದುಕೊಳ್ಳುವುದು ಈ ತಯಾರಿಯನ್ನು.

ಇನ್ನು ಹೊತ್ತಿನ ಮಾತು. ದಣಿದ ರಾತ್ರಿಯಲ್ಲಿ ಹೊಸ ಪಾಠ ಬೇಡ; ಅಸೈನ್‌ಮೆಂಟನ್ನು ಶುದ್ಧಪ್ರತಿ ಮಾಡುವಂಥ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಂಡು, ಕಠಿಣ ಪಾಠವನ್ನು ಬೆಳಗಿಗೆ ಬಿಡಿ. ಬೆಳಗಿನ ಹೊತ್ತು ಅಡುಗೆಮನೆಯ ಪಾಲಾಗುತ್ತಿದ್ದರೆ ವಾರದಲ್ಲಿ ಎರಡು ದಿನವಾದರೂ ತಿಂಡಿಯ ಹೊಣೆಯನ್ನು ಮನೆಯ ಇನ್ನೊಬ್ಬರು ಹೊರಬೇಕು. ಅದನ್ನು ಪರೀಕ್ಷೆ ಹತ್ತಿರ ಬಂದಾಗ ಕೇಳುವುದಕ್ಕಿಂತ ಈ ವಾರವೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.