ಮಂಜಿನ ಮೇಲೆ ಬಿಸಿಲಿದೆ

ಚಳಿಗಾಲದ ಬೆಳಗ್ಗೆ ಕಣಿವೆಯಲ್ಲಿ ನಿಂತರೆ ಸೂರ್ಯ ಹುಟ್ಟಿದ್ದಾನೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಸುತ್ತಲೂ ಬರೀ ಬೂದು ಬಣ್ಣ, ರೆಪ್ಪೆಯ ಮೇಲೆ ಸಣ್ಣ ಹನಿ. ಅಂಥ ದಿನವೇ ಬೆಟ್ಟ ಹತ್ತಬೇಕು. ಎಷ್ಟೋ ಸಲ ಕೆಲವು ನೂರು ಮೀಟರ್ ಏರಿದರೆ ಸಾಕು, ನೀಲಿ ಆಕಾಶ, ಚುರುಕು ಬಿಸಿಲು.

ಮೇಲೆ ಹೋದಂತೆ ಚಳಿ ಜಾಸ್ತಿಯಾಗಬೇಕು ಅಲ್ವಾ? ಹೌದು, ಸಾಮಾನ್ಯವಾಗಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಇಲ್ಲಿ ಆ ಲೆಕ್ಕ ತಲೆಕೆಳಗು. ಉದ್ದನೆಯ ರಾತ್ರಿ, ಮೋಡವಿಲ್ಲದ ಆಕಾಶ. ನೆಲದ ಕಾವು ಮೇಲಕ್ಕೆ ಸೋರಿಹೋಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿಗೆ ಭಾರ ಹೆಚ್ಚು. ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಕಣಿವೆ ತುಂಬುತ್ತದೆ. ಅದರೊಳಗಿನ ತೇವ ಹನಿಗಟ್ಟಿ ಮಂಜಾಗುತ್ತದೆ. ಬೆಚ್ಚನೆ ಗಾಳಿ ಮೇಲೆ ಮುಚ್ಚಳದಂತೆ ಕೂರುತ್ತದೆ. ಇದೇ ಉಷ್ಣಾಂಶದ ವಿಲೋಮ.

ಇಷ್ಟು ಮಂಕು ಕವಿಸುವ ಮಂಜಿನಲ್ಲಿ ನೀರು ಎಷ್ಟಿದೆ ಗೊತ್ತಾ? ಒಂದು ಘನ ಮೀಟರಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂ ಕೂಡ ಇರುವುದಿಲ್ಲ. ಒಂದು ಕೋಣೆಯಷ್ಟು ಮಂಜನ್ನು ಹಿಂಡಿದರೆ ಸಿಗುವುದು ಕೆಲವೇ ಚಮಚ.

ಎಲ್ಲ ಮಂಜೂ ಹೀಗಲ್ಲ. ಗಾಳಿ ಬೀಸುತ್ತಾ ಜಿನುಗುತ್ತಿದ್ದರೆ ಅದು ಬೆಟ್ಟಕ್ಕೆ ತಗುಲಿದ ಮೋಡವಿರಬಹುದು. ಹತ್ತಿದರೆ ಸುಮ್ನೆ ನೆನೆಯುತ್ತೀರಿ. ಎಲೆಯೂ ಅಲುಗದ ಬೆಳಗು ನೋಡಿ ಹೊರಡಿ.

ಹತ್ತುವಾಗ ಬೆಳಕನ್ನು ಗಮನಿಸಿ. ಬೂದು ಮೆಲ್ಲಗೆ ಬಿಳಿಯಾಗುತ್ತದೆ. ಬಿಳಿ ಕಣ್ಣು ಕುಕ್ಕುತ್ತದೆ. ನೆತ್ತಿಯ ಮೇಲೆ ತೆಳು ನೀಲಿ ಕಾಣುತ್ತದೆ. ಆಮೇಲೆ ಕಾಲಡಿಯ ಕಲ್ಲಿನ ಮೇಲೆ ನಿಮ್ಮದೇ ಮಸುಕು ನೆರಳು! ನನಗೆ ಎಲ್ಲಕ್ಕಿಂತ ಇಷ್ಟವಾದ ಗಳಿಗೆ ಅದು.

ಮೇಲೆ ಬಂದಮೇಲೆ ಸೂರ್ಯನಿಗೆ ಬೆನ್ನು ಹಾಕಿ ಕೆಳಗಿನ ಮಂಜನ್ನು ನೋಡಿ. ಅದೃಷ್ಟವಿದ್ದರೆ ನಿಮ್ಮ ನೆರಳಿನ ತಲೆಯ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ. ಪಕ್ಕದವರಿಗೆ ಕಾಣುವುದು ಅವರ ತಲೆಯ ಸುತ್ತಲಿನ ಬಳೆ ಮಾತ್ರ. 1894ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ತುದಿಯ ಹವಾಮಾನ ವೀಕ್ಷಣಾಲಯದಲ್ಲಿ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ ಇಂಥ ಬಳೆಗಳನ್ನು ಕಂಡು ಮರುಳಾದರು. ಅವನ್ನು ಪ್ರಯೋಗಾಲಯದಲ್ಲೇ ಮೂಡಿಸಲು ಗಾಜಿನೊಳಗೆ ಮೋಡ ಕಟ್ಟತೊಡಗಿದರು. ಕೊನೆಗೆ ಅದು ಪರಮಾಣುವಿಗಿಂತ ಸಣ್ಣ ಕಣಗಳ ಜಾಡು ತೋರಿಸುವ ಮೋಡಕೋಣೆಯಾಯಿತು. 1927ರಲ್ಲಿ ಅವರಿಗೆ ನೊಬೆಲ್ ಬಂತು.

ಬಿಚ್ಚಿದ ಸ್ವೆಟರ್ ಚೀಲದಲ್ಲೇ ಇರಲಿ, ಇಳಿಯುವಾಗ ಬೇಕಾಗುತ್ತದೆ. ಮಂಜಿನ ಬಿಳಿ ಮೈ ಬಿಸಿಲಿನ ಬಹುಪಾಲನ್ನು ವಾಪಸ್ ಕಳಿಸಿಬಿಡುತ್ತದೆ. ಮಂಜು ದಪ್ಪಗಿದ್ದರೆ ಮಧ್ಯಾಹ್ನವೂ ಕಣಿವೆ ಬೆಳಗಿನಷ್ಟೇ ಬೂದು, ಹೆಚ್ಚುಕಮ್ಮಿ ಅಷ್ಟೇ ತಣ್ಣಗೆ.